ಕಂದು ಕಲೆಯ ಜಾಡು: ಕೊಲರಾಡೊದಿಂದ ಪಾವಗಡದವರೆಗೆ

ದಂತವೈದ್ಯವನ್ನು ಉಳಿದ ವೈದ್ಯದಿಂದ ಬೇರ್ಪಡಿಸಿ ಕಲಿಸುವ ಪದ್ಧತಿಗೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. 1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮೊದಲ ದಂತವೈದ್ಯ ಕಾಲೇಜು ತೆರೆಯಿತು. ಅಲ್ಲಿಂದಾಚೆಗೆ ಹಲ್ಲಿನ ವೈದ್ಯರಿಗೆ ಬೇರೆ ಪದವಿ, ಬೇರೆ ಪರಿಷತ್ತು, ಬೇರೆ ಪತ್ರಿಕೆಗಳು ಬಂದವು. ಭಾರತದಲ್ಲಿ 1948ರ ದಂತವೈದ್ಯರ ಕಾಯ್ದೆ ಇದೇ ಗೆರೆಯನ್ನು ಗಟ್ಟಿ ಮಾಡಿತು. ಇದರಿಂದ ಕಸುಬಿಗೆ ಮರ್ಯಾದೆ ಬಂತು, ಸಂತೆಯಲ್ಲಿ ಕೂತು ಹಲ್ಲು ಕೀಳುವವರ ಕೈಯಿಂದ ಜನ ಪಾರಾದರು. ಅದು ಸಣ್ಣ ಲಾಭವಲ್ಲ. ಆದರೆ ಹಲ್ಲಿನ ತೊಂದರೆ ಎಂದರೆ ಹಲ್ಲಿಗಷ್ಟೇ ಸೇರಿದ್ದು, ಅದು ಕುತ್ತಿಗೆಯಿಂದ ಕೆಳಗೆ ಇಳಿಯುವುದಿಲ್ಲ ಎಂಬ ನಂಬಿಕೆಯೂ ಅದರ ಜತೆಗೇ ಬೇರೂರಿತು. ಈ ನಂಬಿಕೆಯನ್ನು ಒಡೆದ ಸಂಶೋಧನೆಗಳಲ್ಲಿ ಫ್ಲೋರೈಡ್‌ನ ಕಥೆಯಷ್ಟು ಉದ್ದದ್ದು, ನಮಗೆ ಅಷ್ಟು ಹತ್ತಿರದ್ದು ಇನ್ನೊಂದಿಲ್ಲ. ಒಬ್ಬ ದಂತವೈದ್ಯನ ಕುತೂಹಲದಿಂದ ಹೊರಟ ಪ್ರಶ್ನೆ ನೀರಿನ ರಸಾಯನಶಾಸ್ತ್ರ, ಮೂಳೆಯ ರೋಗ, ಬಂಡೆಯ ಗುಣ ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿತು. ಇದು ಆಕಸ್ಮಿಕವಲ್ಲ, ಹಲ್ಲಿನ ಸ್ವಭಾವದಲ್ಲೇ ಇದ್ದ ಸಾಧ್ಯತೆ ಎಂಬುದು ನನ್ನ ವಾದ. ಆ ಸಾಧ್ಯತೆಯನ್ನು ಅತ್ಯಂತ ಹೆಚ್ಚು ಬಳಸಿಕೊಳ್ಳಬೇಕಾದ ನಾಡು ಅದನ್ನು ಅರ್ಧಕ್ಕೇ ಬಿಟ್ಟಿದೆ ಎಂಬುದು ಅದರ ಮುಂದಿನ ಮಾತು.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯ ಓದು ಮುಗಿಸಿ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದು ದವಾಖಾನೆ ತೆರೆದ. ಅಲ್ಲೇ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಕಂದು ಕಲೆ, ಕೆಲವರಲ್ಲಂತೂ ಇಡೀ ಹಲ್ಲೇ ಚಾಕೊಲೇಟ್ ಬಣ್ಣ. ಊರಿನವರಿಗೆ ಅದು ಹೊಸದಲ್ಲ; ಹಂದಿಮಾಂಸ ಹೆಚ್ಚಾಯಿತು, ಹಾಲು ಕೆಟ್ಟದ್ದು, ನೀರಿನಲ್ಲಿ ಸುಣ್ಣ ಜಾಸ್ತಿ ಎಂದು ಬಾಯಿಗೊಂದು ಕಾರಣ ಹೇಳುತ್ತಿದ್ದರು. ದಂತವೈದ್ಯದ ಪುಸ್ತಕಗಳಲ್ಲಿ ಮಾತ್ರ ಅದರ ಸುಳಿವೇ ಇರಲಿಲ್ಲ. ಮೆಕೇ ಆ ಕಾಲದ ದೊಡ್ಡ ವಿದ್ವಾಂಸ, ಷಿಕಾಗೊದ ಜಿ. ವಿ. ಬ್ಲ್ಯಾಕ್ ಅವರಿಗೆ ಕಾಗದ ಬರೆದ. 1909ರಲ್ಲಿ ಬ್ಲ್ಯಾಕ್ ತಾವೇ ಬಂದು ನೋಡಿದರು. ಆ ಊರಿನಲ್ಲೇ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ಕಲೆಯ ಗುರುತಿತ್ತು. 1915ರಲ್ಲಿ ತೀರಿಕೊಳ್ಳುವವರೆಗೂ ಬ್ಲ್ಯಾಕ್ ಈ ವಿಷಯವನ್ನು ಬಿಡಲಿಲ್ಲ. ಇಬ್ಬರೂ ಸೇರಿ ಎರಡು ಸಂಗತಿಗಳನ್ನು ಖಚಿತ ಮಾಡಿಕೊಂಡರು. ಮೊದಲನೆಯದು, ಕಲೆ ಬೀಳುವುದು ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಮಾತ್ರ. ಶಾಶ್ವತ ಹಲ್ಲು ಗಟ್ಟಿಯಾದ ಮೇಲೆ ಊರಿಗೆ ಬಂದು ನೆಲೆಸಿದವರಿಗೆ ಅದು ತಗಲುವುದಿಲ್ಲ. ಎರಡನೆಯದು ಅವರಿಗೇ ಅಚ್ಚರಿ ತಂದದ್ದು: ಇಷ್ಟು ವಿಕಾರವಾದ ಹಲ್ಲುಗಳಿಗೆ ಹುಳುಕು ಹಿಡಿಯುವುದು ಕಡಿಮೆ.

ಕಾರಣ ನೀರಿನಲ್ಲಿದೆ ಎಂಬ ಮೆಕೇಯ ಗುಮಾನಿಗೆ ಬಲ ಬಂದದ್ದು 1923ರಲ್ಲಿ, ಐಡಾಹೊ ರಾಜ್ಯದ ಓಕ್ಲಿ ಎಂಬ ಸಣ್ಣ ಊರಿನಲ್ಲಿ. ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಕೊಳಾಯಿ ಎಳೆದ ಮೇಲೆ ಮಕ್ಕಳ ಹಲ್ಲಿನ ಮೇಲೆ ಕಲೆ ಕಾಣಿಸಿಕೊಂಡಿತ್ತು. ಮೆಕೇಗೆ ಆ ನೀರಿನಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಆದರೂ ಆ ಕೊಳಾಯಿ ಬಿಟ್ಟು ಬೇರೆ ಬುಗ್ಗೆಯ ನೀರು ಬಳಸಿ ಎಂದ, ಊರಿನವರು ಕೇಳಿದರು. ಕೆಲವು ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಹುಟ್ಟಿದ ಶಾಶ್ವತ ಹಲ್ಲುಗಳು ಸ್ವಚ್ಛವಾಗಿದ್ದವು. ಈ ಘಟನೆಯನ್ನು ಚರಿತ್ರೆಕಾರರು ಒಂದೆರಡು ಸಾಲಿನಲ್ಲಿ ಮುಗಿಸುತ್ತಾರೆ; ನನಗೆ ಇಡೀ ಕಥೆಯ ನಡುಗಂಬ ಇದೇ ಎನಿಸುತ್ತದೆ. ಪ್ರಯೋಗಾಲಯವಿಲ್ಲ, ವಿಷದ ಹೆಸರು ಗೊತ್ತಿಲ್ಲ, ಆದರೂ ನೀರು ಬದಲಾದದ್ದರಿಂದ ಒಳ್ಳೆಯದಾಯಿತೇ ಎಂಬ ಪ್ರಶ್ನೆಗೆ ಮುಂದಿನ ತಂಡದ ಮಕ್ಕಳ ಬಾಯಿ ಸಂದೇಹಕ್ಕೆ ಎಡೆಯಿಲ್ಲದ ಉತ್ತರ ಕೊಟ್ಟಿತು.

ವಿಷದ ಹೆಸರು ಸಿಕ್ಕಿದ್ದು ಅರ್ಕನ್ಸಾ ರಾಜ್ಯದ ಬಾಕ್ಸೈಟ್ ಎಂಬ ಊರಿನಿಂದ. ಅದು ಅಲ್ಯೂಮಿನಿಯಂ ಕಂಪನಿ ಆಲ್ಕೋವಾ ಕಟ್ಟಿದ ಗಣಿಯೂರು. ಅಲ್ಲಿನ ಮಕ್ಕಳಲ್ಲಿ ಕಲೆ, ಐದು ಮೈಲಿ ಆಚೆಯ ಊರಿನಲ್ಲಿ ಇಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಡುಗೆ ಮಾಡಿದರೆ ವಿಷವಾಗುತ್ತದೆ ಎಂಬ ಗುಲ್ಲು ಆಗ ಎದ್ದಿತ್ತು. ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್‌ಗೆ ಈ ಕಲೆಯ ಸುದ್ದಿ ತಲುಪಿದಾಗ, ಅದೂ ತಮ್ಮ ಲೋಹದ ತಲೆಗೇ ಬಂದೀತೆಂಬ ಆತಂಕದಲ್ಲಿ ನೀರನ್ನು ಪರೀಕ್ಷೆಗೆ ಹಾಕಿದ. ಯಾರೂ ನಿರೀಕ್ಷಿಸದ ಫ್ಲೋರೈಡ್, ಅದೂ ಲೀಟರಿಗೆ 13 ಮಿಲಿಗ್ರಾಂ ದಾಟಿ, ಸಿಕ್ಕಿತು. ಪರೀಕ್ಷೆಯಲ್ಲಿ ತಪ್ಪಾಗಿರಬೇಕೆಂದು ಮತ್ತೊಮ್ಮೆ ಮಾಡಿಸಿದ, ಉತ್ತರ ಅದೇ. 1931ರಲ್ಲಿ ಮೆಕೇಗೆ ಕಾಗದ ಬರೆದು ಬೇರೆ ಬೇರೆ ಊರುಗಳ ನೀರು ತರಿಸಿಕೊಂಡ. ಕಲೆಯಿದ್ದ ಊರುಗಳಲ್ಲೆಲ್ಲ ಫ್ಲೋರೈಡ್ ಹೆಚ್ಚಿತ್ತು. ಅದೇ ವರ್ಷ ಅರಿಜೋನಾದಲ್ಲಿ ಮಾರ್ಗರೆಟ್ ಕ್ಯಾಮಕ್ ಸ್ಮಿತ್ ಮತ್ತು ಸಂಗಡಿಗರು ಇಲಿಗಳಿಗೆ ಫ್ಲೋರೈಡ್ ತಿನ್ನಿಸಿ ಅಂಥದ್ದೇ ಹಲ್ಲು ಬರಿಸಿ ತೋರಿಸಿದರು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ: ಗುಟ್ಟು ಬಿಡಿಸಿದ್ದು ರಸಾಯನಶಾಸ್ತ್ರಜ್ಞ, ದಂತವೈದ್ಯರು ಬರೀ ಕಲೆ ತೋರಿಸಿದರು, ಹಾಗಿರುವಾಗ ಇದನ್ನು ದಂತವೈದ್ಯದ ಸಾಧನೆ ಎನ್ನುವುದೇಕೆ? ಮೇಲ್ನೋಟಕ್ಕೆ ಇದು ಸರಿ. ಆದರೆ ಯಾವ ಊರಿನ ನೀರನ್ನು ಪರೀಕ್ಷಿಸಬೇಕು, ಯಾವ ಊರಿನದನ್ನು ಅದರ ಎದುರು ಇಟ್ಟು ಹೋಲಿಸಬೇಕು, ಯಾವ ವಯಸ್ಸಿನಲ್ಲಿ ಕುಡಿದ ನೀರು ಲೆಕ್ಕಕ್ಕೆ ಬರುತ್ತದೆ ಎಂಬ ಮೂರೂ ತಿಳಿವಳಿಕೆ ಮೂವತ್ತು ವರ್ಷದ ಬಾಯಿಪರೀಕ್ಷೆಯಿಂದ ಬಂದದ್ದು. ಹಲ್ಲಿನ ಹೊರಪದರವಾದ ಎನಾಮಲ್‌ನ ಗುಣ ಇಲ್ಲಿ ಮುಖ್ಯ. ದೇಹದ ಮೂಳೆ ಜೀವಮಾನವಿಡೀ ಸವೆಯುತ್ತಾ ಮತ್ತೆ ಕಟ್ಟಿಕೊಳ್ಳುತ್ತಾ ಇರುತ್ತದೆ. ಎನಾಮಲ್ ಹಾಗಲ್ಲ; ಅದನ್ನು ಕಟ್ಟುವ ಕೋಶಗಳು ಹಲ್ಲು ಹೊರಬರುವ ಹೊತ್ತಿಗೆ ಕೆಲಸ ಮುಗಿಸಿ ಇಲ್ಲವಾಗುತ್ತವೆ. ಮೂಳೆ ಅಳಿಸಿ ಅಳಿಸಿ ಬರೆಯುವ ಸ್ಲೇಟಾದರೆ ಎನಾಮಲ್ ಕಲ್ಲಿನ ಶಾಸನ. ಹುಟ್ಟಿನಿಂದ ಸುಮಾರು ಎಂಟನೆಯ ವರ್ಷದವರೆಗೆ ಮಗುವಿನ ಮೈಗೆ ಸೇರಿದ ಫ್ಲೋರೈಡ್ ಅತಿಯಾದರೆ ಎನಾಮಲ್‌ನ ಖನಿಜ ಸರಿಯಾಗಿ ಕೂಡುವುದಿಲ್ಲ. ಅದರ ಗುರುತು ಬಿಳಿ ಗೆರೆಯಾಗಿ, ಸುಣ್ಣದ ಮಚ್ಚೆಯಾಗಿ, ಹಲ್ಲು ಬಂದ ಮೇಲೆ ಹೊರಗಿನ ಬಣ್ಣ ಹೀರಿ ಕಂದು ಕಲೆಯಾಗಿ ಸಾಯುವವರೆಗೂ ಉಳಿಯುತ್ತದೆ. ಸೂಜಿ ಚುಚ್ಚದೆ, ಎಕ್ಸ್‌ರೇ ತೆಗೆಯದೆ, ಹತ್ತು ವರ್ಷದ ಹಿಂದೆ ಮೈಗೆ ಸೇರಿದ ಒಂದು ವಸ್ತುವಿನ ಲೆಕ್ಕ ಹೇಳಬಲ್ಲ ಅಂಗ ದೇಹದಲ್ಲಿ ಬೇರೆ ಎಲ್ಲಿದೆ?

ಇಲ್ಲಿಂದ ಮುಂದೆ ಕಥೆ ಎರಡು ಕವಲಾಯಿತು. ಅಮೆರಿಕದ ಕವಲು ಎಲ್ಲರಿಗೂ ಗೊತ್ತಿರುವಂಥದ್ದು. ಸಾರ್ವಜನಿಕ ಆರೋಗ್ಯ ಸೇವೆಯ ದಂತವೈದ್ಯ ಟ್ರೆಂಡ್ಲಿ ಡೀನ್ ಕಲೆಯ ತೀವ್ರತೆಯನ್ನು ಅಳೆಯಲು ಒಂದು ಮಾಪಕ ಕಟ್ಟಿದ, ಸಹೋದ್ಯೋಗಿ ಎಲಿಯಾಸ್ ಎಲ್ವೋವ್ ನೀರಿನ ಫ್ಲೋರೈಡನ್ನು ಸೂಕ್ಷ್ಮವಾಗಿ ಅಳೆಯುವ ವಿಧಾನ ರೂಪಿಸಿದ. 21 ಊರುಗಳ 7,257 ಮಕ್ಕಳನ್ನು ನೋಡಿದ ಮೇಲೆ, ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಹುಳುಕು ತಗ್ಗುತ್ತದೆ, ಕಣ್ಣಿಗೆ ರಾಚುವ ಕಲೆ ಬೀಳುವುದಿಲ್ಲ ಎಂಬ ತೀರ್ಮಾನಕ್ಕೆ ಬಂದರು. 1945ರ ಜನವರಿ 25ರಂದು ಮಿಷಿಗನ್‌ನ ಗ್ರ್ಯಾಂಡ್ ರ್ಯಾಪಿಡ್ಸ್ ನಗರ ತನ್ನ ನೀರಿಗೆ ಫ್ಲೋರೈಡ್ ಸೇರಿಸಲು ಶುರುಮಾಡಿತು. ಹನ್ನೊಂದು ವರ್ಷದ ನಂತರ, ಆ ನೀರು ಕುಡಿಯುತ್ತಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಹುಳುಕು ಶೇಕಡಾ 60ಕ್ಕೂ ಮಿಗಿಲಾಗಿ ಇಳಿದಿತ್ತು. ಆ ಕಾಲಕ್ಕೆ ಇದು ದೊಡ್ಡ ಗೆಲುವು. ಆದರೆ ಈ ಗೆಲುವಿನಲ್ಲೇ ಪ್ರಶ್ನೆ ಕಿರಿದಾಯಿತು. ನೀರು ದೇಹಕ್ಕೆ ಏನು ಮಾಡುತ್ತದೆ ಎಂದು ಹೊರಟದ್ದು ಹುಳುಕು ಎಷ್ಟು ಇಳಿಯಿತು ಎಂಬ ಎಣಿಕೆಯಲ್ಲಿ ನಿಂತಿತು. ಇಷ್ಟಾದ ಮೇಲೆ ಫ್ಲೋರೈಡ್ ಎಂದರೆ ಟೂತ್‌ಪೇಸ್ಟ್ ಎಂಬ ತಿಳಿವಳಿಕೆ ಜಗತ್ತಿಗೆಲ್ಲ ಹರಡಿತು, ನಮ್ಮ ಹಳ್ಳಿಗಳಿಗೂ ಅದೇ ಬಂತು.

ಇನ್ನೊಂದು ಕವಲು ಮೂಳೆಯದು. 1932ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಕ್ರಯೋಲೈಟ್ ಎಂಬ ಫ್ಲೋರೈಡ್ ಖನಿಜ ಪುಡಿಮಾಡುವ ಕಾರ್ಖಾನೆಯ ಕೆಲಸಗಾರರ ಶ್ವಾಸಕೋಶಕ್ಕೆ ಎಕ್ಸ್‌ರೇ ತೆಗೆದಾಗ, ಮೂಳೆಗಳು ಅಸಹಜವಾಗಿ ದಟ್ಟವಾಗಿರುವುದು ಕಂಡಿತು. ಕಾಯ್ ರೋಹೋಲ್ಮ್ ಇದರ ಬೆನ್ನು ಹತ್ತಿ 1937ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು. ಅದೇ 1937ರಲ್ಲಿ, ಕಾರ್ಖಾನೆಯ ಗಾಳಿಯೂ ಸೋಕದ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯ ರೈತರಲ್ಲಿ ಅದೇ ರೋಗ ಇರುವುದನ್ನು ಎಚ್. ಇ. ಶಾರ್ಟ್ ಮತ್ತು ಸಂಗಡಿಗರು ಪ್ರಕಟಿಸಿದರು. ಶಾರ್ಟ್ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್‌ನ ಮುಖ್ಯಸ್ಥರು. ಅವರ ಜತೆಗೆ ಮದ್ರಾಸಿನ ವೈದ್ಯರಿದ್ದರು, ಎಕ್ಸ್‌ರೇ ತಜ್ಞ ಬರ್ನಾರ್ಡ್ ಇದ್ದರು, ನೀರು ಪರೀಕ್ಷಿಸುವವರಿದ್ದರು. ಮಕ್ಕಳಲ್ಲಿ ಕಲೆಬಿದ್ದ ಹಲ್ಲು, ಅದೇ ನೀರು ದಶಕಗಟ್ಟಲೆ ಕುಡಿದ ದೊಡ್ಡವರಲ್ಲಿ ಬಾಗದ ಬೆನ್ನು, ತಿರುಗದ ಕತ್ತು. ಒಂದೇ ಬಾವಿಯ ನೀರಿನ ಆರಂಭವನ್ನೂ ಅಂತ್ಯವನ್ನೂ ಒಂದೇ ಊರಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದ ಕೆಲಸ ಇದು. ಕೊಲರಾಡೊದಲ್ಲಿ ಅಂದಗೇಡು ಎನಿಸಿಕೊಂಡಿದ್ದ ಕಲೆ ನೆಲ್ಲೂರಿನಲ್ಲಿ ಮುಂಬರುವ ಅಂಗವೈಕಲ್ಯದ ಮುನ್ಸೂಚನೆಯಾಯಿತು. ಇಂಥ ಕೆಲಸ ನಮ್ಮ ನೆರೆಯಲ್ಲೇ, ಸ್ವಾತಂತ್ರ್ಯಕ್ಕೂ ಮೊದಲು ನಡೆದಿದೆ ಎಂಬುದು ನಮ್ಮ ವೈದ್ಯ ವಿದ್ಯಾರ್ಥಿಗಳ ಪಾಠದಲ್ಲಿ ಒಂದು ಸಾಲಾದರೂ ದಪ್ಪ ಅಕ್ಷರದಲ್ಲಿ ಬರಬೇಕು.

ಆಮೇಲಿನ ಭಾರತೀಯ ಸಂಶೋಧನೆ ಬಹುಪಾಲು ಮೂಳೆಯ ಕವಲಿನಲ್ಲೇ ಸಾಗಿತು. 1960ರ ದಶಕದಲ್ಲಿ ಪಂಜಾಬಿನಲ್ಲಿ ಅಮರ್‌ಜಿತ್ ಸಿಂಗ್, ಎಸ್. ಎಸ್. ಜಾಲಿ ಮುಂತಾದವರು ದಪ್ಪಗಾದ ಬೆನ್ನೆಲುಬು ಬೆನ್ನುಹುರಿಯನ್ನು ಒತ್ತಿ ಕೈಕಾಲು ಸೋಲುವ ಹಂತದವರೆಗೆ ರೋಗವನ್ನು ವಿವರಿಸಿದರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ, ಫ್ಲೋರೈಡ್ ಸೀಮೆಯ ಹದಿಹರೆಯದವರಲ್ಲಿ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ಊನವನ್ನು ವರದಿ ಮಾಡಿದರು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದ ಬಡ ಮಕ್ಕಳಿಗೆ ಅದೇ ನೀರು ಹೆಚ್ಚು ಕೇಡು ಮಾಡುತ್ತದೆ ಎಂಬುದೂ ಇಂಥ ಅಧ್ಯಯನಗಳಿಂದ ತಿಳಿಯಿತು. ನಾಗಪುರದ ನೀರಿ ಸಂಸ್ಥೆ ಪಟಿಕ ಮತ್ತು ಸುಣ್ಣ ಹಾಕಿ ನೀರಿನ ಫ್ಲೋರೈಡ್ ಇಳಿಸುವ ವಿಧಾನ ರೂಪಿಸಿ ಅದಕ್ಕೆ ಫ್ಲೋರೈಡ್ ಸೀಮೆಯಾದ ನಲ್ಗೊಂಡದ ಹೆಸರಿಟ್ಟಿತು. ಒಂದೊಂದೂ ಗಟ್ಟಿ ಕೆಲಸ. ಕೊರತೆ ಎಲ್ಲಿ ಎಂದರೆ, ಮೂಳೆ ವೈದ್ಯರ ಪಾಲಾಯಿತು, ಹಲ್ಲು ದಂತವೈದ್ಯರ ಪಾಲಾಯಿತು, ನೀರು ಎಂಜಿನಿಯರುಗಳ ಪಾಲಾಯಿತು. ಶಾರ್ಟ್ ಒಂದೇ ಮೇಜಿನ ಮೇಲೆ ಇಟ್ಟದ್ದು ಮೂರು ಇಲಾಖೆಗಳ ಕಡತಗಳಿಗೆ ಹಂಚಿಹೋಯಿತು.

ಇದೇ ದಶಕಗಳಲ್ಲಿ ನಮ್ಮ ಒಣ ಜಿಲ್ಲೆಗಳ ನೀರಿನ ಮೂಲವೇ ಬದಲಾಯಿತು. ಕೆರೆ, ಕಲ್ಯಾಣಿ, ಮೆಟ್ಟಿಲು ಬಾವಿಗಳ ನೀರಿನಿಂದ ಕಾಲರಾ ಬರುತ್ತಿತ್ತು, ನಾರುಹುಣ್ಣು ಬರುತ್ತಿತ್ತು. ನಾರುಹುಣ್ಣು ಕಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದಕ್ಕೆ ಪರಿಹಾರವಾಗಿ ಬಂಡೆ ಕೊರೆದು ಕೊಳವೆಬಾವಿ ತೋಡಿದರು, 1970ರ ದಶಕದಲ್ಲಿ ರೂಪುಗೊಂಡ ಇಂಡಿಯಾ ಮಾರ್ಕ್ 2 ಕೈಪಂಪುಗಳು ಊರೂರಿಗೆ ಬಂದವು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ಘೋಷಣೆಯಾಯಿತು. ಕೊಳವೆಬಾವಿಯನ್ನು ಹಳಿಯುವವರು ಈ ಲಾಭವನ್ನು ಮರೆಯಬಾರದು. ಆದರೆ ಪಾವಗಡ, ಶಿರಾ, ಬಾಗೇಪಲ್ಲಿ, ಮುಂಡರಗಿ ಸೀಮೆಯ ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಬಂಡೆಯ ಬಿರುಕಿನಲ್ಲಿ ಹೆಚ್ಚು ಕಾಲ ನಿಂತಷ್ಟೂ, ಅದರಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಹೆಚ್ಚಿದಷ್ಟೂ ಫ್ಲೋರೈಡ್ ಕರಗುತ್ತದೆ. ಮಳೆ ಕೈಕೊಟ್ಟು ಅಂತರ್ಜಲ ಇಳಿದಾಗ ಬಾವಿಯನ್ನು ಇನ್ನೂ ಆಳಕ್ಕೆ ಕೊರೆದೆವು. ಮೇಲಿನ ಹೊಸ ಮಳೆನೀರಿನ ಬದಲು ಬಂಡೆಯೊಳಗೆ ಕಾಲಾಂತರದಿಂದ ನಿಂತ ನೀರು ಬಿಂದಿಗೆಗೆ ಬಂತು. ಕ್ರಿಮಿಯಿಲ್ಲದ ತಿಳಿನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರಲ್ಲಿ ಏನಿತ್ತೆಂದು ಮಕ್ಕಳ ಹಲ್ಲು ಹೇಳಿತು.

ನೀರು ಪರೀಕ್ಷಿಸುವ ಕಿಟ್ಟುಗಳು ಪಂಚಾಯಿತಿಗಳಿಗೂ ತಲುಪಿರುವ ಈ ಕಾಲದಲ್ಲಿ ಹಲ್ಲು ನೋಡಿ ನೀರು ಅಳೆಯುವುದು ಹಳೆಯ ಕಾಲದ ಕ್ರಮವಲ್ಲವೇ ಎಂದು ಕೇಳಬಹುದು. ಈ ಪ್ರಶ್ನೆಗೆ ಗಂಭೀರ ಉತ್ತರ ಬೇಕು. ನೀರಿನ ಪರೀಕ್ಷೆ ಇವತ್ತು ಈ ಬಾವಿಯಲ್ಲಿ ಎಷ್ಟಿದೆ ಎಂದು ಹೇಳುತ್ತದೆ. ಮಗು ಏನು ಕುಡಿಯಿತು ಎಂದು ಹೇಳುವುದಿಲ್ಲ. ಕಳೆದ ದಶಕದಲ್ಲಿ ನಮ್ಮ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಎದ್ದಿವೆ, ನಾಣ್ಯ ಹಾಕಿ 20 ಲೀಟರಿನ ಕ್ಯಾನ್ ತುಂಬಿಸಿಕೊಂಡು ಬರುತ್ತಾರೆ. ಘಟಕದ ನೀರನ್ನು ಪರೀಕ್ಷಿಸಿದರೆ ಫ್ಲೋರೈಡ್ ಇಲ್ಲ ಎಂದು ವರದಿ ಬರುತ್ತದೆ, ಕಡತ ಮುಚ್ಚುತ್ತದೆ. ಆದರೆ ಕ್ಯಾನಿನ ನೀರು ಕುಡಿಯಲಿಕ್ಕಷ್ಟೇ ಎಂದುಕೊಂಡ ಮನೆಯಲ್ಲಿ ಬೇಳೆ ಬೇಯುವುದು, ಮುದ್ದೆಗೆ ಎಸರಿಡುವುದು, ಟೀ ಕುದಿಯುವುದು ಬೋರ್‌ವೆಲ್ ನೀರಿನಲ್ಲೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಸಾಂದ್ರವಾಗುತ್ತದೆ. ಟೀ ಎಲೆಯಲ್ಲೇ ಒಂದಿಷ್ಟು ಫ್ಲೋರೈಡ್ ಇದೆ. ಘಟಕ ಕೆಟ್ಟು ನಿಂತರೆ ಮತ್ತೆ ಹಳೆಯ ನಲ್ಲಿಯೇ ಗತಿ. ಇವೆಲ್ಲದರ ಒಟ್ಟು ಮೊತ್ತ ಮಗುವಿನ ಮೈ ಸೇರಿದ್ದೆಷ್ಟು ಎಂಬುದನ್ನು ಕಿಟ್ಟು ಹೇಳಲಾರದು, ಎಂಟು ವರ್ಷದ ಮಗುವಿನ ಮುಂಬಲ್ಲು ಹೇಳುತ್ತದೆ.

ಹಲ್ಲಿನ ಸಾಕ್ಷ್ಯ ಬರುವುದು ತಡವಾಗಿ, ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿಹೋಗಿರುತ್ತದೆ ಎಂಬ ಮಾತೂ ನಿಜ. ಆದ್ದರಿಂದಲೇ ನೀರಿನ ಪರೀಕ್ಷೆ ಬಿಡಬೇಕು ಎಂದು ಯಾರೂ ಹೇಳುತ್ತಿಲ್ಲ. ತಡವಾದರೂ ಅದು ಸಾಮಾನ್ಯವಾಗಿ ದೊಡ್ಡವರ ಮೂಳೆಯ ರೋಗಕ್ಕಿಂತ ದಶಕಗಳಷ್ಟು ಮೊದಲು ಬರುತ್ತದೆ ಎಂಬುದನ್ನು ಗಮನಿಸಬೇಕು: ಆ ಮಗುವಿನ ಬೆನ್ನನ್ನು ಉಳಿಸಲು, ಅದರ ತಮ್ಮ ತಂಗಿಯರ ಹಲ್ಲನ್ನೂ ಉಳಿಸಲು ಇನ್ನೂ ಸಮಯವಿರುತ್ತದೆ. ಕಲೆಗೆ ಬೇರೆ ಕಾರಣಗಳೂ ಇವೆಯಲ್ಲ ಎನ್ನುವವರಿಗೂ ಉತ್ತರವಿದೆ. ಎಲೆಅಡಿಕೆ, ತಂಬಾಕಿನ ಕಲೆ ಹಲ್ಲಿನ ಮೇಲೆ ಕೂರುವಂಥದ್ದು, ಉಜ್ಜಿದರೆ ಹೋಗುತ್ತದೆ. ಪೆಟ್ಟಿನಿಂದ ಆದದ್ದು ಒಂದೋ ಎರಡೋ ಹಲ್ಲಿಗೆ ಸೀಮಿತ. ಫ್ಲೋರೈಡ್‌ನ ಗುರುತು ಬಾಯಿಯ ಎಡಬಲ ಎರಡೂ ಕಡೆ ಜೋಡಿಹಲ್ಲುಗಳಲ್ಲಿ ಒಂದೇ ಬಗೆಯಲ್ಲಿ ಬರುತ್ತದೆ. ಡೀನ್ ಮಾಪಕ ಕಲಿತ ಯಾವ ಬಿಡಿಎಸ್ ವಿದ್ಯಾರ್ಥಿಯಾದರೂ ಇದನ್ನು ಗುರುತಿಸಬಲ್ಲ.

ಫ್ಲೋರೈಡ್ ಒಳ್ಳೆಯದೋ ಕೆಟ್ಟದ್ದೋ ಎಂಬ ಅಮೆರಿಕದ ಜಗಳವನ್ನು ಇಲ್ಲಿಗೆ ಎಳೆದು ತರುವವರೂ ಇದ್ದಾರೆ. ಅಲ್ಲಿ 2025ರಲ್ಲಿ ಯೂಟಾ, ಫ್ಲೋರಿಡಾ ರಾಜ್ಯಗಳು ನೀರಿಗೆ ಫ್ಲೋರೈಡ್ ಬೆರೆಸುವುದನ್ನು ನಿಷೇಧಿಸಿವೆ, ಲೀಟರಿಗೆ 1.5 ಮಿಲಿಗ್ರಾಂ ಮೀರಿದಲ್ಲಿ ಮಕ್ಕಳ ಬುದ್ಧಿಮತ್ತೆ ಕಡಿಮೆಯಿರುವುದಕ್ಕೂ ಅದಕ್ಕೂ ನಂಟು ಕಾಣುತ್ತದೆ ಎಂದು ಅಲ್ಲಿನ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮ 2024ರಲ್ಲಿ ಹೇಳಿದೆ. ನಮ್ಮ ಪ್ರಶ್ನೆ ಬೇರೆ. ಇಲ್ಲಿ ಯಾರೂ ನೀರಿಗೆ ಬೆರೆಸುತ್ತಿಲ್ಲ, ನೆಲವೇ ಬೆರೆಸಿ ಕೊಡುತ್ತಿದೆ. ಭಾರತೀಯ ಮಾನಕ 1 ಮಿಲಿಗ್ರಾಂ ಸಾಕು ಎನ್ನುತ್ತದೆ, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ. ಈ 1 ಎಂಬ ಅಂಕಿಯೇ ಡೀನ್ ನೋಡಿದ ತಂಪುಸೀಮೆಯ ಮಕ್ಕಳಿಂದ ಬಂದದ್ದು. ಬಿಸಿಲ ಸೀಮೆಯ ಮಗು ಹೆಚ್ಚು ನೀರು ಕುಡಿಯುತ್ತದೆ, ಆದ್ದರಿಂದ ಮಿತಿ ಇಳಿಯಬೇಕು ಎಂದು 1957ರಲ್ಲೇ ಗ್ಯಾಲಗನ್ ಮತ್ತು ವರ್ಮಿಲಿಯನ್ ಲೆಕ್ಕ ಹಾಕಿ ತೋರಿಸಿದ್ದರು. 2015ರಲ್ಲಿ ಅಮೆರಿಕವೇ ತನ್ನ ಶಿಫಾರಸನ್ನು 0.7ಕ್ಕೆ ಇಳಿಸಿಕೊಂಡಿತು. ಏಪ್ರಿಲ್ ಬಿಸಿಲಿನ ರಾಯಚೂರಿಗೆ 1.5 ಸಹ್ಯ ಎಂಬುದು ನೀರಿನ ಕೊರತೆಯಿಂದ ಹುಟ್ಟಿದ ರಾಜಿ, ಆರೋಗ್ಯಶಾಸ್ತ್ರದ ತೀರ್ಪಲ್ಲ.

ಕೇಂದ್ರ ಸರ್ಕಾರ 2008–09ರಲ್ಲಿ ಅತಿಯಾದ ಫ್ಲೋರೈಡ್‌ನಿಂದ ಬರುವ ಈ ರೋಗದ, ಅಂದರೆ ಫ್ಲೋರೋಸಿಸ್‌ನ ತಡೆಗೆ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. 6ರಿಂದ 11 ವರ್ಷದ ಶಾಲಾಮಕ್ಕಳ ಹಲ್ಲು ನೋಡುವುದೂ ಅದರ ಕೆಲಸಗಳಲ್ಲಿ ಒಂದು. ಎಂದರೆ ತತ್ವವನ್ನು ಒಪ್ಪಿದ್ದಾಗಿದೆ. ದೇಶದಲ್ಲೇ ಹೆಚ್ಚು ದಂತವೈದ್ಯ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಅವುಗಳ ಸಾರ್ವಜನಿಕ ದಂತ ಆರೋಗ್ಯ ವಿಭಾಗಗಳಲ್ಲಿ ಹಳ್ಳಿ ಹಳ್ಳಿಯ ಮಕ್ಕಳ ಹಲ್ಲು ಎಣಿಸಿ ಬರೆದ ಪ್ರಬಂಧಗಳಿಗೆ ಕೊರತೆಯಿಲ್ಲ. ಆ ಎಣಿಕೆ ಪದವಿಗೆ ಸಲ್ಲುವುದರ ಜತೆಗೆ ನೀರು ಸರಬರಾಜು ಇಲಾಖೆಯ ಮೇಜಿಗೂ ಸಲ್ಲಬೇಕು. ತುಂಗಭದ್ರೆಯ ಹಿನ್ನೀರು ಪಾವಗಡದ ಕಡೆಗೆ ಬರುತ್ತಿರುವ, ಘಟಕಗಳಿಗೆ ಕೋಟಿಗಟ್ಟಲೆ ಹಣ ಸುರಿದಿರುವ ಈ ಹೊತ್ತಿನಲ್ಲಿ, ಆ ಹಣ ಮಕ್ಕಳ ಮೈಗೆ ತಲುಪಿತೇ ಎಂದು ತಿಳಿಯಲು ಓಕ್ಲಿಯ ಜನ ಮಾಡಿದ ಪರೀಕ್ಷೆಗಿಂತ ಅಗ್ಗದ್ದು ಬೇರೆ ಇಲ್ಲ. ಫ್ಲೋರೈಡ್ ಸೀಮೆಯ ಪ್ರತಿ ತಾಲ್ಲೂಕಿನಲ್ಲಿ, ಪ್ರತಿ ವರ್ಷ, ಮೂರನೆಯ ತರಗತಿಯ ಮಕ್ಕಳ ಮುಂಬಲ್ಲನ್ನು ದಂತವೈದ್ಯರು ನೋಡಲಿ. ಊರುವಾರು ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಲಿ. ಕಲೆ ಕಡಿಮೆಯಾಗದ ಊರಿನ ನೀರಿನ ಯೋಜನೆಗೆ ಮುಗಿದ ಕಾಮಗಾರಿ ಎಂಬ ಪ್ರಮಾಣಪತ್ರ ಕೊಡದಿರಲಿ.